ಕಾಲುಚೀಲದಲ್ಲಿ ಬೀಗದಕೈ

ಮೂರನೇ ಪಾಳಿಯ ಮಕ್ಕಳು ಮನೆಗೆ ಹೊರಡುವಾಗ
ಕತ್ತಲಿಗೆ ಆಗಲೇ ಎರಡು ಗಂಟೆ ವಯಸ್ಸು.
ಗುಡ್ಡದ ಗುಡಾರಗಳೆಲ್ಲ ಒಟ್ಟಿಗೆ ಒಲೆ ಹಚ್ಚಿ
ಊರಿಗೆ ಕಲ್ಲಿದ್ದಲ ಹೊಗೆ ಹೊದಿಸುತ್ತವೆ.
ಉಲಾನ್‌ಬಾತರಿನ ಚಳಿ ಎಂದರೆ
ಉಗುಳಿದ್ದು ನೆಲಕ್ಕೆ ಬಿದ್ದಾಗ ಟಿಣ್ ಅನ್ನಬೇಕು.
ಸ್ವಲ್ಪ ಹೆಚ್ಚು ಹೇಳಿದೆ.
ರಾತ್ರಿ ಕಾಯುವವರು ಹೇಳುವುದೇ ಹಾಗೆ.

ಶಾಲೆಯ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಬರುತ್ತೇನೆ,
ಎರಡನೇ ಮಹಡಿಯ ಕೊನೆಯದನ್ನು ಬಿಟ್ಟು.
ಅಲ್ಲಿ ಖಂದ್‌ಸುರೆನ್ ಟೀಚರು,
ರೇಖಾಗಣಿತ, ನಲವತ್ತೆಂಟು ನೋಟುಬುಕ್ಕು,
ಒಂದು ಕೆಂಪು ಪೆನ್ನು,
ಬೆರಳ ತುದಿ ಕತ್ತರಿಸಿದ ಕೈಗವಸು.

ಮೊದಲ ವರ್ಷ ಕೇಳಿದ್ದೆ, ಮನೆಯಲ್ಲಿ ಆಗದೇ ಇದು?
ತಲೆ ಎತ್ತದೆ ಹೇಳಿದರು:
"ಸೊದ್‌ನೋಮ್ ಗುವಾಯ್, ನಮ್ಮದು ಗುಡಾರ.
ಗೋಡೆ ಒಂದೇ, ಅದೂ ದುಂಡಗೆ.
ಹೋಗಿ ಕೂರೋಣ ಅಂದರೆ ಮೂಲೆಯೇ ಇಲ್ಲ.
ಅತ್ತೆಯ ಟೀವಿ, ಗಂಡನ ಪಂಕ್ಚರ್ ಟೈರು,
ಅವಳಿಗಳ ಜಗಳ, ಒಲೆಯ ಹಸಿವು,
ಎಲ್ಲ ನಡುವಿಗೇ ಬಂದು ನಿಲ್ಲುತ್ತವೆ.
ಒಂದು ತ್ರಿಕೋನ ತಿದ್ದುವಷ್ಟರಲ್ಲಿ
ಮೂರು ಸಲ ಏಳಬೇಕು."

ಇಲ್ಲಿ ನಾಲ್ಕು ಮೂಲೆ.
ಅವರು ತೆಗೆದುಕೊಂಡದ್ದು ಒಂದನ್ನೇ,
ಹೀಟರಿನ ಕೊಳವೆ ಪಕ್ಕದ್ದು.
ಆದರೂ ಆ ನೋಟುಬುಕ್ಕುಗಳಿಗೆ ಒಂದೊಂದು ಮನೆಯ ವಾಸನೆ,
ಕುರಿಕೊಬ್ಬು, ಹೊಗೆ, ಯಾರದೋ ಕೆಮ್ಮಿನ ಮುಲಾಮು.
ಒಂದು ಮನೆ ತಪ್ಪಿಸಿಕೊಂಡು ಬಂದವರ ಮೇಜಿನ ಮೇಲೆ
ನಲವತ್ತೆಂಟು.
ಇದನ್ನು ನಾನು ಅವರಿಗೆ ಹೇಳಲಿಲ್ಲ.

ನನ್ನ ಸೊಂಟದಲ್ಲಿ ಮೂವತ್ತೊಂದು ಬೀಗದಕೈ.
ಎಂಟೂವರೆಗೆ ಕೆಳಗಿನಿಂದ ಹೊರಟರೆ
ಕಡಿವಾಣದ ಕುದುರೆಗಳು ಮೆಟ್ಟಿಲು ಹತ್ತಿದ ಸದ್ದು.
ಗದ್ದಲ ಬಿಟ್ಟು ಬಂದವರಿಗೆ
ನಾನೇ ಗದ್ದಲವಾದೆನಲ್ಲ ಎಂದು ನಾಚಿಕೆಯಾಯಿತು.
ಹೆಂಡತಿಯ ಉಣ್ಣೆಯ ಕಾಲುಚೀಲ ಇತ್ತು, ಒಂಟಿ.
ಅವಳು ಹೋದ ಮೇಲೆ ಯಾವುದಕ್ಕೂ ಜೊತೆಯಾಗದೆ ಉಳಿದದ್ದು.
ಮೂವತ್ತೊಂದನ್ನೂ ಅದರಲ್ಲಿ ತುಂಬಿ ಗಂಟು ಹಾಕಿದೆ.
ಕೆಮ್ಮನ್ನು ಕೆಳಗೇ ಮುಗಿಸಿ ಹತ್ತುವುದು ಕಲಿತೆ.
ಆರನೇ ಮೆಟ್ಟಿಲು ಕಿರುಗುಟ್ಟುತ್ತದೆ, ಅದನ್ನು ದಾಟಿ,
ಉಪ್ಪು ಹಾಕಿದ ಹಾಲಿನ ಚಹಾ ಹೊಸ್ತಿಲಲ್ಲಿಟ್ಟು
ಬೆಕ್ಕಿನ ಹಾಗೆ ಮರಳಿದೆ.

ಒಂದು ತಿಂಗಳು.
ನನಗೆ ನನ್ನ ಮೇಲೇ ಮೆಚ್ಚುಗೆ.

ಒಂದು ರಾತ್ರಿ ಹತ್ತು ದಾಟಿ ಅವರೇ ಇಳಿದು ಬಂದರು.
"ಕೊನೆಯ ಬಸ್ಸು ಹೋಯಿತು. ಈ ತಿಂಗಳು ಐದನೇ ಸಲ.
ನಿಮ್ಮ ಬೀಗದಕೈ ಏನಾದವು?"
ಸೊಂಟ ತೋರಿಸಿದೆ.
ಕಾಲುಚೀಲ ನೋಡುತ್ತ ನಿಂತರು,
ನಗುವುದೋ ಬೇಡವೋ ಎಂದು ತುಟಿ ಲೆಕ್ಕ ಹಾಕುತ್ತಿತ್ತು.
"ಅದು ಕೇಳಿದ ಕೂಡಲೇ ಪೆನ್ನು ಮುಚ್ಚುತ್ತಿದ್ದೆ.
ಗಡಿಯಾರ ಕಂಡರೆ ಗಮನ ಕದಡುತ್ತದೆಂದು
ಗೋಡೆಗೆ ಮುಖ ಮಾಡಿಸಿದ್ದೇನೆ.
ಅವಳಿಗಳು ಈಗ ಮಲಗಿರುತ್ತಾರೆ.
ಒಂದು ತಿಂಗಳಿಂದ ಅವರನ್ನು
ಕಣ್ಣು ಮುಚ್ಚಿದ್ದಾಗಲೇ ನೋಡುತ್ತಿದ್ದೇನೆ."

ಹೊರಗೆ ಸೊನ್ನೆಯ ಕೆಳಗೆ ಮೂವತ್ತೆರಡು.
ನನ್ನ ಕೋಟು ಕೊಟ್ಟೆ. ಬೇಡ ಎಂದರು, ತೊಟ್ಟುಕೊಂಡರು.
ಗುಡ್ಡದ ದಾರಿಯಲ್ಲಿ ಅವರ ಟಾರ್ಚು
ಹೊಗೆಯೊಳಗೆ ಒಂದು ಬಿಂದು,
ಆಮೇಲೆ ಬಿಂದುವೂ ಇಲ್ಲ.
ನಾಯಿಗಳ ಬೊಗಳು ಮಾತ್ರ ಬೇಲಿಯಿಂದ ಬೇಲಿಗೆ
ಮೇಲಕ್ಕೆ ಏರುತ್ತ ಹೋಯಿತು,
ಅವರು ಎಲ್ಲಿಗೆ ಮುಟ್ಟಿದರೆಂದು
ಅದರಿಂದಲೇ ತಿಳಿದುಕೊಂಡೆ.

ಒಳಗೆ ಬಂದು ಗಂಟು ಬಿಚ್ಚಲು ಹೋದರೆ ಬೆರಳು ಮರಗಟ್ಟಿತ್ತು.
ಹಲ್ಲಿನಿಂದ ಬಿಚ್ಚಿದೆ.
ಕಾಲುಚೀಲವನ್ನು ಹೀಟರಿನ ಮೇಲೆ ಒಣಗಲು ಹಾಕಿದೆ,
ಒದ್ದೆಯೇನೂ ಆಗಿರಲಿಲ್ಲ.
ನಾಳೆ ಎಂಟೂವರೆಗೆ
ಆರನೇ ಮೆಟ್ಟಿಲ ಮೇಲೆ
ಎರಡೂ ಕಾಲು ಊರಿ ನಿಲ್ಲಬೇಕು.